ಅತ್ತೆಯ ಬುಟ್ಟಿಯಲ್ಲಿ ಉಳಿದರ್ಧ

ನಮ್ಮ ಸೋದರತ್ತೆಯಂಥ ಜಿಪುಣಿ ಇಡೀ ಭಾಲ್ಕಿ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ! ದಿನಾ ಬುಟ್ಟಿ ತುಂಬ ಜೋಳದ ಖಡಕ್ ರೊಟ್ಟಿ ಹೊತ್ತು ಖಟಕ ಚಿಂಚೋಳಿಯ ಶಾಲೆಗೆ ಬರುತ್ತಿದ್ದಳು. ಮಕ್ಕಳ ಕೈಗೆ ಹಾಕುತ್ತಿದ್ದದ್ದು ಮಾತ್ರ ಅರ್ಧರ್ಧ. ಉಳಿದರ್ಧ ಸಂಜೆ, ಶಾಲೆ ಬಿಟ್ಟ ಮೇಲೆ!

"ಅತ್ತಿ, ಇನ್ನರ್ಧ ಈಗೇ ಕೊಡು."

"ಅದು ಬುಟ್ಟ್ಯಾಗ ಸುಮ್ಮ ಕುಂತದ. ನೀವೂ ಕುಂದರ್ರಿ!"

ತಾಯಿಯಿಲ್ಲದ ನನ್ನನ್ನು ಓದಿಸಬೇಕೆಂಬುದು ಅವಳ ಹಟ. ಆದರೆ ಹಾಜರಿ ಮುಗಿದದ್ದೇ ತಡ, ಉಳಿದವರೆಲ್ಲ ಶೇಂಗಾ ಹೊಲಕ್ಕೆ ಓಟ! ನನ್ನೊಬ್ಬಳಿಗಾಗಿ ಶಾಲೆ ನಡೆಯುತ್ತದೆಯೇ? ಹೀಗೇ ಆದರೆ ಮುಚ್ಚುತ್ತಾರೆ ಎಂದು ಮಾಸ್ತರರು ಹೇಳಿದ್ದರು. ಅಂದಿನಿಂದ ಶುರುವಾಯಿತು ಈ ಅರ್ಧದ ಕಾನೂನು. ಮಾಸ್ತರರಿಗೂ ಅದೇ.

ಬೀದರಿನಿಂದ ತಪಾಸಣೆಗೆ ಬಂದ ಸಾಹೇಬರೂ ಪಾರಾಗಲಿಲ್ಲ. ಪುಂಡಿಪಲ್ಯದ ಜೊತೆ ಅರ್ಧ ರೊಟ್ಟಿ ಮುಗಿಸಿ ಬೆರಳು ನೆಕ್ಕುತ್ತ ಹೊರಡಲು ಎದ್ದರು. ಅತ್ತೆ ಬುಟ್ಟಿ ಮುಚ್ಚಿ, "ಇನ್ನಾ ಸಾಲಿ ಬಿಟ್ಟಿಲ್ಲರಿ ಸಾಹೇಬ್ರ!" ಎಂದಳು. ಪಾಪ, ಸಂಜೆಯವರೆಗೂ ಕೂತು ನಮ್ಮ ಮಗ್ಗಿ ಕೇಳಿದರು!

ಅಷ್ಟರಲ್ಲಿ ಭಾರತದ ಸೇನೆ ಬಂದು ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮನ ರಾಜ್ಯ ಮುಗಿಯಿತೆಂಬ ಸುದ್ದಿ ಮಟಮಟ ಮಧ್ಯಾಹ್ನ ಬಂತು. ಶಾಲೆ ಅರ್ಧಕ್ಕೇ ಬಿಟ್ಟಿತು. ನಿಜಾಮನ ಕಡೆಯವರ ತಪ್ಪಿನ ಸಿಟ್ಟು ಅಮಾಯಕರ ಮೇಲೆ ತಿರುಗುತ್ತಿದ್ದ ಕಾಲ. ನಮ್ಮ ಮುಸಲ್ಮಾನ ಮಾಸ್ತರರು ಮನೆಯ ಬಾಗಿಲು ಹಾಕಿಕೊಂಡವರು ತೆರೆಯಲೇ ಇಲ್ಲ. ಹುಡುಗರಿಗೆ ಹಬ್ಬ! ನನಗೆ ಅಳು.

ಕೆಲವು ವಾರ ಕಳೆದ ಮೇಲೆ ಅತ್ತೆ ನಮ್ಮನ್ನೆಲ್ಲ ಕಟ್ಟಿಕೊಂಡು ಅವರ ಮನೆ ಮುಂದೆ ನಿಂತಳು.

"ಮಾಸ್ತರ್ರ, ಅವತ್ತಿನ ನಿಮ್ಮ ಉಳಿದರ್ಧ ನನ್ನ ಬುಟ್ಟ್ಯಾಗೇ ಅದರಿ. ಖಡಕ್ ರೊಟ್ಟಿ, ಕೆಟ್ಟಿಲ್ಲ. ಬರ್ರಿ."

"ಅಂಜಿಕಿ ಬರ್ತದಮ್ಮಾ," ಒಳಗಿನಿಂದ ಸಣ್ಣ ದನಿ.

"ನಾ ಮುಂದ ನಡೀತೇನಿ, ಹುಡುಗರು ಸುತ್ತ ಇರ್ತಾರ. ನೀವು ನಡುವ ಬರ್ರಿ. ಯಾಂವ ಏನಂತಾನ ನೋಡೇಬಿಡ್ತೇನಿ!"

ಬಾಗಿಲು ತೆರೆಯಿತು. ಬುಟ್ಟಿ ಹೊತ್ತ ಅತ್ತೆ ಮುಂದೆ, ನಾವು ಸುತ್ತ, ಮಾಸ್ತರರು ನಡುವೆ. ಬೀದಿಯಲ್ಲಿ ನಿಂತವರು ಸರಿದು ದಾರಿ ಬಿಟ್ಟರು.

ಸಂಜೆ ಶಾಲೆ ಬಿಟ್ಟ ಮೇಲೆ ಅತ್ತೆ ಆ ಉಳಿದರ್ಧವನ್ನು ಅವರ ಕೈಗಿಟ್ಟಳು. ಅವರು ಅದನ್ನು ಮುರಿದು, ಒಂದು ಚೂರು ಬಾಯಿಗೆ ಹಾಕಿಕೊಂಡು, ಮಿಕ್ಕದ್ದನ್ನು ಮತ್ತೆ ಬುಟ್ಟಿಯೊಳಗಿಟ್ಟರು.

"ಇದು ಇಲ್ಲೇ ಇರ್ಲಿ ಅಮ್ಮಾ. ನಾಳಿ ಬರ್ತೇನಿ."

ನಮ್ಮ ಜಿಪುಣಿ ಅತ್ತೆ ಅಂದು ಮೊದಲ ಸಲ ಎಲ್ಲರೆದುರು ಅತ್ತಳು.