ಗ್ರೇಸಿ ಮದುವೆ ಯಾವಾಗ?

ಕಥೆ ಬರೆದು ಕೊಟ್ಟರೆ ಬರೆದವನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಕಡೆ ಹಾಗಾಗುವುದಿಲ್ಲ. ಕಥೆಯೊಳಗೆ ಹುಡುಗಿ ಅತ್ತರೆ ಬಸ್ಸಿನಲ್ಲಿ ನನ್ನ ತೋಳು ಹಿಡಿದು ಯಾಕೆ ಅಳಿಸಿದೆ ಅಂತ ಕೇಳುತ್ತಾರೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮಾಲೂರಿನ ಹೆಂಚಿನ ಕಾರ್ಖಾನೆ, ಶ್ರೀನಿವಾಸಪುರದ ಮಾವಿನ ಮಂಡಿ, ವಕ್ಕಲೇರಿ ಕಡೆಯ ಹಾಲಿನ ವ್ಯಾನು, ಎಲ್ಲೂ ನೆಟ್ಟಗೆ ನಿಂತವನಲ್ಲ. ಓದುವುದೊಂದು ಮಾತ್ರ ಬಿಡಲಿಲ್ಲ. ಕೋಲಾರದ ನಮ್ಮ ಚರ್ಚಿನವರು ಹರೆಯದವರಿಗೆ ಅಂತ ಒಂದು ಮಾಸಪತ್ರಿಕೆ ತರುತ್ತಾರೆ. ಅದರಲ್ಲಿ ಪ್ರೇಮದ ಧಾರಾವಾಹಿ ಬರೆಯುವುದು ನನ್ನ ಪಾಲಿಗೆ ಬಂತು. ಹುಡುಗ ಸ್ಯಾಮು, ಮಾಲೂರಿನ ಬೈಕ್ ಮೆಕ್ಯಾನಿಕ್. ಹುಡುಗಿ ಗ್ರೇಸಿ, ಮುಳಬಾಗಿಲಿನವಳು, ನರ್ಸಿಂಗ್ ಓದುತ್ತಾಳೆ. ಪತ್ರಿಕೆಯ ಸಂಪಾದಕರು ನಮ್ಮ ಪಾದ್ರಿಗಳೇ. ನಾವೆಲ್ಲ ಅಯ್ಯನವರು ಅನ್ನುತ್ತೇವೆ. ಅವರು ನಗುವುದು ಅಪರೂಪ.

ಒಂದೇ ಕೊಡೆ

ಮೊದಲನೇ ಕಂತಿನಲ್ಲಿ ಮುಳಬಾಗಿಲು ಬಸ್‌ಸ್ಟ್ಯಾಂಡು, ಜೋರು ಮಳೆ, ಇಬ್ಬರಿಗೂ ಸೇರಿ ಒಂದೇ ಕೊಡೆ. ಅಯ್ಯನವರು ಓದಿ ಕನ್ನಡಕ ತೆಗೆದರು.

"ಒಂದೇ ಕೊಡೆ ಯಾಕೆ?"

"ಮಳೆ ಅಲ್ವಾ ಅಯ್ಯನವರೇ."

"ಹುಡುಗನೂ ಒಂದು ಕೊಡೆ ತರಲಿ."

"ಎರಡು ಕೊಡೆ ಆದ್ರೆ ಪ್ರೀತಿ ಹೇಗೆ ಶುರುವಾಗುತ್ತೆ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಹುಡುಗ ನೆನೆಯಲಿ."

ಸ್ಯಾಮು ನೆನೆದ. ಪತ್ರಿಕೆ ಹೊರಗೆ ಬಂದ ವಾರದಲ್ಲೇ ಮಾಲೂರಿನ ಒಬ್ಬ ತಾಯಿ ಚರ್ಚಿನ ಬಾಗಿಲಲ್ಲಿ ನನ್ನನ್ನು ತಡೆದರು. "ಆ ಹುಡುಗನಿಗೆ ಜ್ವರ ಬಂತೇನಪ್ಪಾ? ನೋಡಿಕೊಳ್ಳೋರು ಯಾರಿದ್ದಾರೆ?"

ಎರಡನೇ ಕಂತಿನಲ್ಲಿ ಜ್ವರ ಬರಿಸಿದೆ, ಗ್ರೇಸಿ ಮೆಣಸಿನ ಸಾರು ಕಳಿಸಿದಳು. ಹೀಗೆ ಅಯ್ಯನವರ ಕತ್ತರಿಯಿಂದಲೇ ಪ್ರೀತಿ ಹುಟ್ಟಿತು. ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಮಂಡಿಯ ಹುಡುಗ

ಸ್ಯಾಮು ತನ್ನ ಮನಸ್ಸು ಹೇಳಿಕೊಂಡ ಕಂತು ಬಂತು. ಗ್ರೇಸಿ, "ಪ್ರಾರ್ಥನೆ ಮಾಡಿ ಹೇಳ್ತೀನಿ" ಅಂದಳು. ಅಲ್ಲಿಗೆ ನಿಲ್ಲಿಸಿದ್ದೆ.

ಶ್ರೀನಿವಾಸಪುರದ ಮಂಡಿಯಲ್ಲಿ ಕ್ರೇಟು ಎತ್ತುವ ತೆಲುಗು ಮನೆಮಾತಿನ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. "ಅನ್ನಾ, ಮುಂದಿನ ತಿಂಗಳು ಗ್ರೇಸಿ ಏನಂತಾಳೆ?"

"ಓದು, ಗೊತ್ತಾಗುತ್ತೆ."

"ಅಷ್ಟು ದಿನ ತಡೆಯೋಕಾಗಲ್ಲ ಅನ್ನಾ. ಸ್ಯಾಮು ಹೇಳಿದ್ದನ್ನೇ ಬಾಯಿಪಾಠ ಮಾಡಿ ನಾನೂ ಒಬ್ಬಳಿಗೆ ಹೇಳಿಬಿಟ್ಟೆ. ಅವಳೂ ನಿಮ್ಮ ಪತ್ರಿಕೆ ಓದ್ತಾಳೆ. ಗ್ರೇಸಿ ಏನಂತಾಳೋ ನೋಡಿ ಹೇಳ್ತೀನಿ ಅಂದ್ಲು."

ಬೇರೆಯವರ ಬಾಳು ನನ್ನ ಪೆನ್ನಿನ ತುದಿಗೆ ಬಂದು ಕೂತಿದ್ದು ಅದೇ ಮೊದಲು. ಗ್ರೇಸಿಯಿಂದ ಹೂಂ ಅನ್ನಿಸಿದೆ. ಅಯ್ಯನವರು ಒಂದೇ ಒಂದು ಮಾತು ಸೇರಿಸಿದರು: "ಆದರೆ ಮೊದಲು ನಮ್ಮ ಅಪ್ಪನನ್ನು ಬಂದು ಕೇಳಿ."

ಪತ್ರಿಕೆ ಬಂದ ದಿನ ಹುಡುಗ ಓಡಿ ಬಂದ. "ಏಮನ್ನಾ ಇಟ್ಲ ಚೇಸ್ತಿವಿ! ಹೀಗಾ ಮಾಡೋದು? ಅವಳಪ್ಪ ಯಾರು ಗೊತ್ತಾ? ಈ ಮಂಡಿ ಯಜಮಾನ!"

ಆಷಾಢ

ವಕ್ಕಲೇರಿ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹಾಲಿನ ವ್ಯಾನಿನಲ್ಲಿದ್ದಾಗ ಅವರ ಕೊಟ್ಟಿಗೆ ಪಕ್ಕದ ಕೋಣೆಯಲ್ಲೇ ನನ್ನ ವಾಸ. ಚರ್ಚಿನ ಮೆಟ್ಟಿಲು ಹತ್ತಿದವರಲ್ಲ, ಅಕ್ಷರವೂ ಬಾರದು. ಹಸು ಕರೆಯುವಾಗ ಪಕ್ಕದಲ್ಲಿ ಕೂತು ಪಿಯುಸಿ ಓದುವ ಮೊಮ್ಮಗಳು ನನ್ನ ಕಂತು ಓದಿ ಹೇಳಬೇಕು. ಅವರ ಬಾಯಲ್ಲಿ ಸ್ಯಾಮು ಶಾಮು ಆಗಿದ್ದ, ಗ್ರೇಸಿ ಗೌರಿ ಆಗಿದ್ದಳು.

ಗ್ರೇಸಿಯ ಅಪ್ಪ ಒಪ್ಪಿದ, ಮುಂದಿನ ತಿಂಗಳೇ ಮದುವೆ ಅಂತ ಬಾಯಿ ಬಿಟ್ಟೆ. ಅಜ್ಜಿ ಹಾಲಿನ ಕ್ಯಾನು ಕೆಳಗಿಟ್ಟರು. "ಆಷಾಢದಲ್ಲಿ ಮದುವೆನಾ? ಏನ್ಲಾ, ಆ ಮಕ್ಕಳು ಚೆನ್ನಾಗಿರೋದು ಬೇಡ್ವಾ ನಿನಗೆ?"

"ನಮಗೆ ಆಷಾಢ ಇಲ್ಲ ಅಜ್ಜಿ."

"ನಿನಗಿಲ್ಲ. ಕೇಳೋ ನನಗಿದೆ."

ಅವರ ಮಾತು ಮೀರಲಾಗಲಿಲ್ಲ. ಒಂದು ತಿಂಗಳು ತಳ್ಳೋಣ ಅಂತ, ಒಪ್ಪಿದ್ದ ಅಪ್ಪನಿಗೆ ಮತ್ತೆ ಸಿಟ್ಟು ಬರಿಸಿದೆ. ಬರಿಸುವುದು ಸುಲಭ. ಇಳಿಸುವಷ್ಟರಲ್ಲಿ ಫೆಬ್ರವರಿ ಆಯಿತು. ಆಗ ಅಯ್ಯನವರು ಗೋಡೆಯ ಕ್ಯಾಲೆಂಡರ್ ತೋರಿಸಿದರು.

"ಲೆಂಟ್ ಶುರುವಾಗುತ್ತೆ. ಉಪವಾಸದ ಕಾಲದಲ್ಲಿ ನಮ್ಮ ಚರ್ಚಲ್ಲಿ ಮದುವೆ ಮಾಡಲ್ಲ. ಈಸ್ಟರ್ ಆಗಲಿ."

"ಇದು ಕಥೆ ಅಲ್ವಾ ಅಯ್ಯನವರೇ?"

"ಕಥೆಗೂ ಉಪವಾಸ ಒಳ್ಳೆಯದು."

ಆಸ್ಪತ್ರೆ

ಅಷ್ಟರಲ್ಲಿ ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ತಡ ಮಾಡಬೇಡಿ ಅಂದರು ಡಾಕ್ಟರು. ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಮೊಮ್ಮಗಳು ಫೋನ್ ಮಾಡಿದಳು.

"ಮಾಮ, ಬೇಗ ಬನ್ನಿ. ಅಜ್ಜಿ ಆಪರೇಷನ್‌ಗೆ ಒಪ್ತಿಲ್ಲ. ಗೌರಿ ಮದುವೆ ಆಗೋವರೆಗೂ ಹೋಗಲ್ಲ ಅಂತಿದ್ದಾಳೆ."

ಓಡಿದೆ. ಅಜ್ಜಿಯ ಮಗ ವಾರ್ಡಿನ ಬಾಗಿಲಲ್ಲಿ ನಿಂತಿದ್ದ, ಮುಖ ಬಾಡಿತ್ತು. "ಏನಾದ್ರೂ ಹೇಳಿ ಒಪ್ಪಿಸಣ್ಣ" ಅಂದ.

ಅಜ್ಜಿ ಹಸಿರು ಗೌನಿನಲ್ಲಿ ಚಿಕ್ಕ ಮಗುವಿನ ಹಾಗೆ ಕಂಡರು. "ಒಳಗೆ ಹೋದೋಳು ಎದ್ದು ಬರ್ತೀನೋ ಇಲ್ವೋ" ಅಂದರು. "ನಾನೇ ಆಷಾಢ ಅಂತ ಅಡ್ಡ ಬಂದೆ. ಆ ಪಾಪ ಹೊತ್ಕೊಂಡು ಹೋಗಲ್ಲ ಕಣೋ. ಆಯ್ತಾ ಮದುವೆ?"

ಅಯ್ಯನವರ ಕ್ಯಾಲೆಂಡರ್ ಕಣ್ಣ ಮುಂದೆ ಬಂತು. ಅದನ್ನು ಪಕ್ಕಕ್ಕೆ ಸರಿಸಿದೆ. "ಆಯ್ತಜ್ಜಿ. ಮೊನ್ನೆ."

ಹಾಸಿಗೆ ಪಕ್ಕದಲ್ಲಿದ್ದ ನರ್ಸು ನಮ್ಮ ಚರ್ಚಿನ ಹುಡುಗಿ. ಬೆಚ್ಚಿ ನನ್ನ ಕಿವಿಯಲ್ಲಿ, "ಲೆಂಟಲ್ಲಿ ಮದುವೆನಾ ಅಣ್ಣಾ?" ಅಂದಳು. ಸುಮ್ಮನಿರಮ್ಮ ಅಂತ ಕಣ್ಣಲ್ಲೇ ಬೇಡಿಕೊಂಡೆ.

"ಅವಳಪ್ಪ ಮನಸಾರೆ ಒಪ್ಪಿದನಾ?"

"ಒಪ್ಪಿದ. ತಾನೇ ಕೈ ಹಿಡಿದು ಒಳಗೆ ಕರ್ಕೊಂಡು ಬಂದ."

"ತಲೆ ತುಂಬ ಹೂ ಇತ್ತಾ?"

"ಕನಕಾಂಬರ, ಮಲ್ಲಿಗೆ, ಎರಡೂ."

"ಶಾಮು ಕೈ ಹಿಡಿದನಾ?"

ಇಷ್ಟು ಕಂತುಗಳಲ್ಲಿ ಅಯ್ಯನವರು ನನಗೆ ಬರೆಯಲು ಬಿಡದ ಮಾತು ಅದು. "ಹಿಡಿದ ಅಜ್ಜಿ. ಬಿಡಲೇ ಇಲ್ಲ."

ಅಜ್ಜಿ ಕಣ್ಣು ಮುಚ್ಚಿದರು. "ದೇವರು ಚೆನ್ನಾಗಿಟ್ಟಿರಲಿ." ನರ್ಸು ಮೆಲ್ಲಗೆ ಆಮೆನ್ ಅಂದಳು. ಅಜ್ಜಿ ಅವಳ ಕಡೆ ತಿರುಗಿ, "ಏನು ನೋಡ್ತೀಯೇ? ನಡಿ, ಹೊತ್ತಾಯ್ತು" ಅಂದರು.

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಮಗ, ಮೊಮ್ಮಗಳು, ನಾನು ಮೂವರೂ ಕೂತೆವು. ಸುಳ್ಳು ಹೇಳಿದ ಬಾಯಲ್ಲೇ ಪ್ರಾರ್ಥನೆ ಮಾಡಿದೆ. ಸಂಜೆ ಡಾಕ್ಟರು ಹೊರಗೆ ಬಂದು, "ಅಜ್ಜಿಗೆ ಎಚ್ಚರ ಆಗಿದೆ. ಮದುವೇಲಿ ಊಟಕ್ಕೆ ಏನು ಹಾಕಿದ್ರು ಅಂತ ಕೇಳ್ತಿದ್ದಾರೆ. ಯಾರ ಮದುವೆ?" ಅಂದರು.

ಗಂಡನ ಮನೆ

ಅಜ್ಜಿ ಮನೆಗೆ ಬಂದರು. ಅಷ್ಟು ಹೊತ್ತಿಗೆ ಮಾರ್ಚ್ ಸಂಚಿಕೆಯೂ ಬಂತು. ಆಸ್ಪತ್ರೆಗೆ ಮೊದಲೇ ಬರೆದು ಕೊಟ್ಟಿದ್ದ ಕಂತು ಅದು. ಸ್ಯಾಮು ಬ್ಯಾಗು ಇಸ್ಕೊಳ್ಳಲು ಕೈ ಚಾಚುತ್ತಾನೆ, ಗ್ರೇಸಿ ಹಿಂದೆ ಸರಿಯುತ್ತಾಳೆ. ಅವನು ಮಾಲೂರು ಬಸ್ಸು, ಅವಳು ಮುಳಬಾಗಿಲು ಬಸ್ಸು ಹತ್ತುತ್ತಾರೆ.

ಹಾಲಿನ ಡೇರಿ ಮುಂದೆ ಹೆಂಗಸರ ಪಂಚಾಯಿತಿ ಸೇರಿತಂತೆ. ಮದುವೆಯಾದ ಹುಡುಗಿ ತವರಿಗೆ ಯಾಕೆ ಹೋದಳು? ಅತ್ತೆ ಕಾಟವೇ ಇರಬೇಕು ಅಂತ ತೀರ್ಮಾನವಾಯಿತು. ಪತ್ರಿಕೆ ಮೇಲಿದ್ದ ನಂಬರಿಗೆ ಅಜ್ಜಿಯೇ ಫೋನ್ ಮಾಡಿಸಿದರು. "ಸ್ವಾಮೀ, ನೀವು ದೊಡ್ಡೋರು. ಆ ಹುಡುಗೀಗೆ ನಾಲ್ಕು ಬುದ್ಧಿ ಹೇಳಿ ಗಂಡನ ಮನೆಗೆ ಕಳಿಸಿಕೊಡಿ."

ಅಯ್ಯನವರು ನನ್ನನ್ನು ಕರೆಸಿದರು.

"ಗ್ರೇಸಿ ಮದುವೆ ಯಾರು ಮಾಡಿಸಿದ್ದು?"

"ನಾನೇ ಅಯ್ಯನವರೇ. ಆಸ್ಪತ್ರೇಲಿ."

"ಲೆಂಟಿನಲ್ಲಿ?"

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಅಜ್ಜಿ ಹೇಗಿದ್ದಾರೆ?"

"ಹಸು ಕರೀತಿದ್ದಾರೆ."

"ಹಾಗಾದ್ರೆ ಸರಿ. ಈಸ್ಟರ್ ಸಂಚಿಕೆಯಲ್ಲಿ ಚರ್ಚಿನಲ್ಲೇ ಮಾಡಿಸು." ನಾನು ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು. "ಕೈ ಹಿಡೀಲಿ."

ಆ ಸಂಚಿಕೆ ಹಿಡಿದುಕೊಂಡು ನಾನೇ ವಕ್ಕಲೇರಿ ಬಸ್ಸು ಹತ್ತಿದೆ. ಮೊಮ್ಮಗಳು ಓದಿದಳು. ಅಪ್ಪ ಬಂದ, ಹೂ ಬಂತು, ಅಯ್ಯನವರ ಅಪ್ಪಣೆಯಂತೆ ಸ್ಯಾಮು ಕೈಯೂ ಹಿಡಿದ. ಸುಳ್ಳು ಹೊರಗೆ ಬಿತ್ತಲ್ಲ ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ. ಅಜ್ಜಿ ಕೆಚ್ಚಲಿನಿಂದ ಕೈ ತೆಗೆದು ಯೋಚನೆ ಮಾಡಿದರು.

"ಅಂದ್ರೆ, ಅದೇ ಹುಡುಗೀನ ಶಾಮು ಎರಡು ಸಲ ಮದುವೆ ಆದನಾ?"

"ಹೂಂ ಅಜ್ಜಿ."

"ಎಂಥ ಬಂಗಾರದಂಥ ಹುಡುಗ ಕಣೋ! ನಮ್ಮ ಯಜಮಾನರು ಒಂದು ಸಲ ಆಗಿದ್ದಕ್ಕೇ ಸಾಯೋವರೆಗೂ ಗೊಣಗಿದ್ರು."