ಅಂಜೂರದ ಮರಕ್ಕೆ ಕೆಮ್ಮಿನ ಔಷಧಿ

ಅಜ್ಜಿ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಐದು ವರ್ಷದ ಮೊಮ್ಮಗಳು, ಮನೆಮಂದಿಯ ಬಾಯಲ್ಲಿ ಚಿನಕುರುಳಿ, ಹಿತ್ತಲಿನ ಅಂಜೂರದ ಮರದ ತೊಗಟೆ ಕೀಳುತ್ತಿದ್ದಳು. ಬೈದರೆ ಕೇಳುವ ಪೈಕಿಯಲ್ಲ (ಅದು ಸೊಸೆಯ ಕಡೆಯ ಗುಣವೆಂದು ಅಜ್ಜಿ, ಅಜ್ಜಿಯ ಕಡೆಯದೆಂದು ಸೊಸೆ). ಅಜ್ಜಿಗೆ ಮಹದುಪಾಯವೊಂದು ಹೊಳೆಯಿತು.

"ಅದಕ್ಕೂ ಜೀವ ಇದೆ ಕಣೇ. ನಮ್ಮ ಹಾಗೇ ನೀರು ಕುಡಿಯುತ್ತೆ, ಉಸಿರಾಡುತ್ತೆ."

"ಚಳಿ?"

"ಹೂಂ, ಚಳೀನೂ ಆಗುತ್ತೆ."

ಮರುದಿನ ಅಜ್ಜಿಯ ಉಣ್ಣೆಯ ಶಾಲು ಮರದ ಸೊಂಟದಲ್ಲಿತ್ತು. ಅವಳ ಕೆಮ್ಮಿನ ಔಷಧಿ ಪೂರ್ತಿ ಮರದ ಬುಡಕ್ಕೆ ಅಭಿಷೇಕವಾಗಿತ್ತು. ಆ ರಾತ್ರಿಯಿಡೀ ಅಜ್ಜಿ ಕೆಮ್ಮಿದಳು. ಮರ ಒಮ್ಮೆಯೂ ಕೆಮ್ಮಲಿಲ್ಲ. ಔಷಧಿ ಒಳ್ಳೆಯದೇ ಎಂದಾಯಿತು.

ಆದರೆ ಮರ ವಾಲಿ, ಹಿತ್ತಲ ಗೋಡೆಗೆ ಒರಗಿ, ಗೋಡೆ ಬಿರುಕು ಬಿಟ್ಟಿತ್ತು. ಅಜ್ಜಿಯ ಮಗ ಮರ ಕಡಿಯುವವನಿಗೆ ಹೇಳಿ ಬಂದ. ಚಿನಕುರುಳಿ ಮರವನ್ನು ತಬ್ಬಿಕೊಂಡು ಬೀದಿಗೆಲ್ಲ ಕೇಳುವಂತೆ ಕಿರುಚಿದಳು: "ಜೀವ ಇದೆ! ಅಜ್ಜೀನೇ ಹೇಳಿದಾಳೆ!"

"ನೀನು ಹಚ್ಚಿದ ಬೆಂಕಿ, ನೀನೇ ಆರಿಸಮ್ಮ," ಎಂದ ಮಗ.

ಅಜ್ಜಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಅದಕ್ಕೆ ವಯಸ್ಸಾಯ್ತು ಪುಟ್ಟಿ. ಹಣ್ಣು ಬಿಡಲ್ಲ. ತಾನಾಗಿ ನಿಲ್ಲೋಕಾಗದೆ ಗೋಡೆಗೆ ಒರಗಿದೆ. ಒಂದಿನ ಬಿದ್ದು ಎಲ್ಲರಿಗೂ ತೊಂದರೆ ಕೊಡುತ್ತೆ. ಅದಕ್ಕೇ ಅಪ್ಪ ಕಡಿಸ್ತಾನೆ. ಕಡಿಸೋದೇ ಸರಿ."

ಮಗು ಅಜ್ಜಿಯನ್ನೇ ಮೇಲಿಂದ ಕೆಳಗೆ ನೋಡಿ ತಟ್ಟನೆ ಸುಮ್ಮನಾಯಿತು. ಅಜ್ಜಿಗೆ ಹೆಮ್ಮೆ: ನೋಡಿದಿರಾ, ತನ್ನ ಮಾತಿಗೆಷ್ಟು ತೂಕ!

ಮರ ಉರುಳಿತು. ಬಿಸಿಲು ಹೇಳದೆ ಕೇಳದೆ ಅಡುಗೆಮನೆಯವರೆಗೂ ನುಗ್ಗಿತು. ಆ ನೆರಳಲ್ಲೇ ಮಗನಿಗೆ ನಡೆಯಲು ಕಲಿಸಿದ್ದ ಅಜ್ಜಿ, ಕಣ್ಣೀರಿನ ತಪ್ಪನ್ನು ಬಿಸಿಲಿನ ಮೇಲೆ ಹೊರಿಸಿ, ಶಾಲಿನ ತುದಿಯಿಂದ ಒರೆಸಿಕೊಂಡಳು. ಶಾಲು ಇನ್ನೂ ತೊಗಟೆಯ ವಾಸನೆ ಬೀರುತ್ತಿತ್ತು.

ಸಂಜೆ ಬಚ್ಚಲಿಗೆ ಹೊರಟ ಅಜ್ಜಿ, ಮಂಡಿ ಹಿಡಿದುಕೊಂಡಿತೆಂದು, ಎಂದಿನಂತೆ ದಾರಿಯಲ್ಲೇ ಗೋಡೆಗೆ ಒರಗಿದಳು. ಚಿನಕುರುಳಿ ಓಡಿ ಬಂದವಳೇ ಎರಡೂ ಕೈಗಳಿಂದ ಅಜ್ಜಿಯ ಸೊಂಟವನ್ನು ತಳ್ಳತೊಡಗಿದಳು.

"ನೆಟ್ಟಗೆ ನಿಲ್ಲಜ್ಜೀ! ಗೋಡೆ ಬಿಡು!"

"ಅಯ್ಯೋ, ಬೀಳ್ತೀನಲ್ಲೇ ಮುಂಡೇದೇ!"

"ಶ್! ಅಪ್ಪ ಬರ್ತಿದಾನೆ. ನೋಡಿಬಿಡ್ತಾನೆ."

ಅಜ್ಜಿ ಗೋಡೆ ಬಿಟ್ಟಳು. ಮಗುವಿನ ತಲೆಯ ಮೇಲೊಂದು ಕೈ ಊರಿ, ಮಗ ದಾಟಿ ಹೋಗುವವರೆಗೂ ಕಡ್ಡಿಯಂತೆ ನೆಟ್ಟಗೆ, ಬಂದ ಕೆಮ್ಮನ್ನೂ ನುಂಗಿಕೊಂಡು ನಿಂತಳು.