ಮೊದಲು ಮಾಲೆ, ಆಮೇಲೆ ವೀಸಾ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಯಾರಾದರೂ ದೂರದ ದೇಶಕ್ಕೆ ಹೊರಡುತ್ತಾರೆಂದು ಸುದ್ದಿಯಾದರೆ ಸಾಕು, ಅವರು ಚೀಲಕ್ಕೆ ಬಟ್ಟೆ ತುಂಬುವ ಮೊದಲೇ ಊರಿನವರು ಏಲಕ್ಕಿ ಮಾಲೆಗೆ ಹೇಳಿರುತ್ತಾರೆ. ಹಾವೇರಿಯ ಏಲಕ್ಕಿ ಮಾಲೆ ಎಂದರೆ ಸುಮ್ಮನೆ ಅಲ್ಲ. ಮಂತ್ರಿಗಳು ಬಂದರೂ ಅದೇ, ಕುಸ್ತಿ ಗೆದ್ದವರಿಗೂ ಅದೇ. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಮನೆ ಹಾವೇರಿಯಲ್ಲಿ. ಗಂಟಲು ದೊಡ್ಡದು ಎಂಬ ಒಂದೇ ಅರ್ಹತೆಯ ಮೇಲೆ ಸುತ್ತಲಿನ ಸತ್ಕಾರ ಸಮಾರಂಭಗಳ ನಿರೂಪಣೆಗೆಲ್ಲ ನನ್ನನ್ನೇ ಕರೆಯುತ್ತಿದ್ದರು. ಹೀಗಾಗಿ ಇಂಥ ಪ್ರಸಂಗಗಳು ನನ್ನ ಕೊರಳಿಗೆ ಬೀಳುತ್ತಲೇ ಇದ್ದವು. ಮಾಲೆ ಮಾತ್ರ ಬೇರೆಯವರ ಕೊರಳಿಗೆ.

ಮಾಲು ನೋಡದ ಮಂದಿ

ಬ್ಯಾಡಗಿಯ ಬಳೆ ಅಂಗಡಿಯವರ ಮಗಳು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನನ್ನ ಹಳೆಯ ವಿದ್ಯಾರ್ಥಿನಿ, ಅದಕ್ಕೇ ಈ ಏಕವಚನದ ಸಲಿಗೆ. ಲೆಕ್ಕವೆಂದರೆ ಜ್ವರ ಬರುವ ಮಕ್ಕಳೂ ಆಕೆಯ ಕ್ಲಾಸಿನಲ್ಲಿ ಮುಂದಿನ ಬೆಂಚಿಗಾಗಿ ಜಗಳವಾಡುತ್ತಿದ್ದರು. ಅಮೆರಿಕದ ಒಂದು ಸಣ್ಣ ಊರಿನ ಶಾಲೆಗೆ ಗಣಿತ ಕಲಿಸುವವರು ಸಿಗುತ್ತಿರಲಿಲ್ಲವಂತೆ. ಅವರು ಫೋನಿನಲ್ಲೇ ಪ್ರಶ್ನೆ ಕೇಳಿ, ಎರಡು ವರ್ಷದ ಕೆಲಸಕ್ಕೆ ಈಕೆಯನ್ನು ಆರಿಸಿಕೊಂಡರು. ಇನ್ನು ಉಳಿದದ್ದು ತಾತ್ಕಾಲಿಕ ಕೆಲಸದ ವೀಸಾ ಒಂದೇ.

ಸುದ್ದಿ ಸಾಹುಕಾರರ ಕಿವಿಗೆ ಬಿತ್ತು. ಸಾಹುಕಾರರೆಂದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು, ನಮ್ಮ ಸತ್ಕಾರ ಸಮಿತಿಯ ಅಧ್ಯಕ್ಷರು. ತಾವು ಅಧ್ಯಕ್ಷರಲ್ಲದ ಸಮಿತಿಗೆ ಅವರು ಸದಸ್ಯರೂ ಆಗುತ್ತಿರಲಿಲ್ಲ.

"ವೀಸಾ ಇನ್ನೂ ಬಂದಿಲ್ಲರಿ" ಎಂದೆ ನಾನು.

"ಬರತೈತಿ ತಗೋರಿ. ಮೊದಲ ಮಾಲಿ ಹಾಕೂಣು. ಮಾಲಿ ಬಿದ್ದ ಕೊರಳಿಗೆ ಯಾರು ಇಲ್ಲಾ ಅಂತಾರ?"

ಸಮಾರಂಭ ಜೋರಾಗಿಯೇ ಆಯಿತು. ಶಾಲು, ಫಲ, ಎದೆ ತುಂಬುವಷ್ಟು ದಪ್ಪನೆಯ ಏಲಕ್ಕಿ ಮಾಲೆ. ಹೆಡ್ ಮಾಸ್ತರರು ಮಾತನಾಡುತ್ತ ಅತ್ತೇಬಿಟ್ಟರು. ಒಂದು ತಿಂಗಳಿಗೆ ಅಮೆರಿಕದಿಂದ ಸುದ್ದಿ ಬಂತು. ಅಲ್ಲಿ ಇಂಥ ವೀಸಾಗಳಿಗೆ ಮಿತಿ ಇದೆ, ಅರ್ಜಿಗಳು ಮಿತಿ ಮೀರಿ ಬಂದಿವೆ, ಕಂಪ್ಯೂಟರಿನಿಂದ ಚೀಟಿ ಎತ್ತಿದ್ದಾರೆ, ಈಕೆಯದು ಬಂದಿಲ್ಲ. ಇರುವ ಮಿತಿಯನ್ನೂ ಇನ್ನಷ್ಟು ಕಡಿಮೆ ಮಾಡಬೇಕೆಂದು ಅಲ್ಲಿ ವಾದ ನಡೆದಿದೆ ಎಂದು ಪೇಪರಿನಲ್ಲೂ ಬಂದಿತ್ತು.

ಸಾಹುಕಾರರಿಗೆ ವಾದದ ಚಿಂತೆ ಇರಲಿಲ್ಲ, ಚೀಟಿಯದೇ ಚಿಂತೆ. "ಅಲ್ರಿ ಸರ್, ನಮ್ಮ ಮಾರ್ಕೆಟ್ಟಿನ್ಯಾಗ ಒಂದು ಚೀಲ ಮೆಣಸಿನಕಾಯಿ ತಗೋಬೇಕಂದ್ರ ಮುರದು ನೋಡತೇವಿ, ಮೂಸಿ ನೋಡತೇವಿ, ಆಮ್ಯಾಲ ಟೆಂಡರ್ ಬರೀತೇವಿ. ಇಂಥಾ ಟೀಚರ್‌ನ ನೋಡಲಾರದನ ಚೀಟಿ ಎತ್ತಿದರಂತ?"

"ಹೌದ್ರಿ, ಅಲ್ಲಿ ಪದ್ಧತಿ ಹಂಗೈತಿ."

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಮಾಲು ನೋಡದ ವ್ಯಾಪಾರಾ ಮಾಡಿ ಅಷ್ಟು ಶ್ರೀಮಂತರು ಹೆಂಗಾದ್ರಿ ಅವರು?"

ಇನ್ನೂ ಹೋಗಿಲ್ಲ?

ಮಾಲೆ ಹಾಕಿಸಿಕೊಂಡವರು ಊರಲ್ಲೇ ಉಳಿದರೆ ಏನಾಗುತ್ತದೆಂದು ಆ ವರ್ಷ ಗೊತ್ತಾಯಿತು. ಟೀಚರ್ ಸಂತೆಗೆ ಹೋದರೆ ಬದನೆಕಾಯಿ ಮಾರುವವಳು, "ಅಯ್ಯ, ಬಂದೇ ಬಿಟ್ಟಿರೇನವಾ ಇಷ್ಟು ಲಗೂನ!" ಎನ್ನುತ್ತಿದ್ದಳು. ಶಾಲೆಯಲ್ಲಿ ಆಕೆಯ ಪಿರಿಯಡ್ಡುಗಳನ್ನು ಆಗಲೇ ಬೇರೆಯವರಿಗೆ ಹಂಚಿಬಿಟ್ಟಿದ್ದರು. ಅಷ್ಟು ಅತ್ತಿದ್ದ ಹೆಡ್ ಮಾಸ್ತರರು ಆಕೆಯನ್ನು ಮತ್ತೆ ಸ್ಟಾಫ್ ರೂಮಿನಲ್ಲಿ ಕಂಡಾಗ ಕನ್ನಡಕ ಒರೆಸುತ್ತ ಹೊರಗೆ ಹೋದರಂತೆ. ಆಕೆ ಮಾಲೆಯನ್ನು ಕಪಾಟಿನ ಒಳಗಿಟ್ಟು ಬಾಗಿಲು ಹಾಕಿದ್ದಳು. "ಸರ್, ಕಪಾಟು ತೆಗೆದರ ವಾಸನಿ ಬರತೈತಿ. ಊರಿನವರ ಸಾಲಾ ಹೊತ್ಕೊಂಡಂಗ ಅನಸತೈತಿ" ಎಂದು ನನ್ನ ಮುಂದೆ ಒಮ್ಮೆ ಹೇಳಿದ್ದಳು. ನನಗೆ ನಗುವೂ ಬಂತು, ಆ ದಿನ ನಿರೂಪಣೆ ಮಾಡಿದವನು ನಾನೇ ಎಂದು ನಾಚಿಕೆಯೂ ಆಯಿತು.

ಒಂದು ದಿನ ನಾವಿಬ್ಬರೂ ಹಾವೇರಿಯಿಂದ ಬ್ಯಾಡಗಿ ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಆಕೆಯ ಗುರುತು ಹಿಡಿದ.

"ಟೀಚರ್ರ, ನೀವಿನ್ನೂ ಅಮೆರಿಕಾಕ್ಕ ಹೋಗಿಲ್ಲ?"

ಇಡೀ ಬಸ್ಸು ತಿರುಗಿ ನೋಡಿತು. ಆಕೆಗೂ ಸಾಕಾಗಿತ್ತು. "ಇಲ್ಲಪ್ಪಾ. ಅಲ್ಲಿ ಜಾಗಾ ತುಂಬೇತಿ, ಇನ್ನ ಹತ್ತಸ್ಕೊಳ್ಳಂಗಿಲ್ಲ ಅಂದ್ರು."

ಆತ ಟಿಕೆಟು ಹರಿಯುವುದನ್ನೇ ನಿಲ್ಲಿಸಿದ. "ಜಾಗಾ ತುಂಬೇತಿ? ಅಷ್ಟು ದೊಡ್ಡ ದೇಶದಾಗ? ನನ್ನ ಒಂದು ವಾರ ಅಲ್ಲಿ ನಿಂದರಸ್ರಿ ಬೇಕಾದ್ರ." ಎಂದವನೇ ಬಾಗಿಲಲ್ಲಿ ಜೋತುಬಿದ್ದವರ ಕಡೆ ತಿರುಗಿ ಕೂಗಿದ: "ಏ, ಒಳಗ ಸರೀರಿ, ಒಳಗ ಸರೀರಿ! ನಡುವ ಇಡೀ ಅಮೆರಿಕಾ ಖಾಲಿ ಐತಿ!"

ನಮ್ಮ ಕಾಲ ಮೇಲೆ ನಮ್ಮದೇ ಕಲ್ಲು

ಆ ಚಳಿಗಾಲ ರಾಣೆಬೆನ್ನೂರಿನಲ್ಲಿ ಹೈಸ್ಕೂಲುಗಳ ಚರ್ಚಾಸ್ಪರ್ಧೆ ಇತ್ತು. ವಿಷಯ ಪೇಪರಿನಿಂದಲೇ ಎತ್ತಿದ್ದು: ಹೊರದೇಶದ ಕುಶಲ ಕೆಲಸಗಾರರ ತಾತ್ಕಾಲಿಕ ವೀಸಾಗಳಿಗೆ ಮಿತಿ ಹಾಕಬೇಕೇ? ಬೇಡ ಎನ್ನಲು ಸಾಲುಗಟ್ಟಿ ಹೆಸರು ಬಂದವು. ಬೇಕು ಎನ್ನಲು ಒಬ್ಬರೂ ಇಲ್ಲ. ಅಧ್ಯಕ್ಷತೆ ನಮ್ಮ ಸಾಹುಕಾರರದು, ತೀರ್ಪುಗಾರರಲ್ಲಿ ನಾನೊಬ್ಬ. ಒಂದೇ ಪಕ್ಷದ ಚರ್ಚೆ ಹೇಗೆ ನಡೆಸುವುದೆಂದು ತಲೆ ಬಿಸಿಯಾಗಿರುವಾಗ ಬ್ಯಾಡಗಿಯ ಶಾಲೆಯಿಂದ ಹೆಸರು ಬಂತು. ಮೋಟೆಬೆನ್ನೂರಿನಿಂದ ಅಲ್ಲಿಗೆ ಓದಲು ಬರುವ ಒಬ್ಬ ಹುಡುಗಿ. ತಯಾರು ಮಾಡಿದವರು ಗಣಿತದ ಟೀಚರ್.

ನನಗೆ ನಂಬಿಕೆಯಾಗಲಿಲ್ಲ. "ಏನವಾ, ನಿನ್ನ ವೀಸಾಕ್ಕ ನೀನ ಅಡ್ಡಗಾಲು ಹಾಕಾಕ ಕಲಿಸೀದಿ?"

"ಇನ್ನೊಂದು ಮಗ್ಗಲಾ ಯಾರರ ಹೇಳಬೇಕಲ್ರಿ ಸರ್" ಎಂದಳು.

ಹುಡುಗಿ ಎದ್ದು ನಿಂತಳು. ಉಳಿದವರು ಮೈಕು ಒಡೆಯುವಂತೆ ಕೂಗಿದ್ದರು, ಈಕೆ ಮನೆಯಲ್ಲಿ ಮಾತಾಡಿದಂತೆ ಶುರು ಮಾಡಿದಳು. "ರಾಣೆಬೆನ್ನೂರು ಸೀಮಿಯೊಳಗ ಬೀಜದ ಹೊಲದಾಗ ಹೂವು ಕ್ರಾಸಿಂಗ್ ಮಾಡಾಕ ನಮ್ಮವ್ವ, ನಮ್ಮ ಚಿಗವ್ವ ಹೋಗ್ತಾರ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಹಚ್ಚೂ ಕೈ ಚಳಕದ ಕೆಲಸ. ನಾಳೆ ಕಡಿಮಿ ಕೂಲಿಗೆ ಬರತಾರಂತ ಬ್ಯಾರೆ ಕಡೆಯಿಂದ ಮಂದಿ ತುಂಬಿಕೊಂಡು ಬಂದ್ರ ನಮ್ಮವ್ವ ಏನು ಮಾಡಬೇಕು? ಅಮೆರಿಕಾದಾಗೂ ಒಬ್ಬಾಕಿ ಅವ್ವ ಇರತಾಳಲ್ರಿ?"

ಹಿಂದೆ ಕುಳಿತಿದ್ದ ಹೆಂಗಸರು ತಲೆಯಾಡಿಸಿದರು. ಮೊದಲ ಬಹುಮಾನ ಆ ಹುಡುಗಿಗೇ ಕೊಟ್ಟೆವು. ನನ್ನ ಹಳೆಯ ವಿದ್ಯಾರ್ಥಿನಿ ತನ್ನ ವಿರುದ್ಧವೇ ಇಷ್ಟು ನ್ಯಾಯವಾಗಿ ವಾದ ಕಟ್ಟಿದ್ದಳಲ್ಲ, ನನ್ನ ಅಂಗಿಯ ಗುಂಡಿ ಬಿಗಿಯಾಯಿತು.

ಸಾಹುಕಾರರ ಮುಖ ಮಾತ್ರ ಕೆಂಪಾಗಿತ್ತು. ಆದರೂ ಎದ್ದು ಹುಡುಗಿಗೆ ಹೂವಿನ ಮಾಲೆ ಹಾಕಿದರು. "ಸಭಾದಾಗ ಮಾತಾಡಿದವರಿಗೆ ಮಾಲಿ ಹಾಕಬೇಕು. ನಮಗ ಬೇಕಾದ್ದು ಮಾತಾಡಿದವರಿಗಷ್ಟ ಹಾಕಿದ್ರ ಅದು ಸತ್ಕಾರ ಅಲ್ಲ" ಎಂದು ಮೈಕಿನಲ್ಲಿ ಹೇಳಿ, ಮೈಕು ಬಿಟ್ಟು ಕೇಳಿದರು, "ಇದನ್ನೆಲ್ಲ ನಿಮ್ಮ ಟೀಚರ ಹೇಳಿಕೊಟ್ಟರೇನು ತಂಗಿ?"

"ಅರ್ಧಾ ಅವರು ಹೇಳಿದ್ದು. ಉಳಿದದ್ದು ನಂದು."

"ವೀಸಾದ ಮ್ಯಾಲ ನಿನಗ್ಯಾಕ ಇಷ್ಟು ಸಿಟ್ಟು?"

"ಮುಂದಿನ ವರ್ಷ ನಂದು ಎಸ್ಸೆಸ್ಸೆಲ್ಸಿ ಐತ್ರಿ. ಅಮೆರಿಕಾ ಬಾಗಲಾ ತೆಗದ್ರ ನಮಗ ಲೆಕ್ಕಾ ಯಾರು ಹೇಳತಾರ?"

ಊಟಾ ಆತೇನು?

ಹುಡುಗಿಯ ವಾದ ಅಮೆರಿಕದವರೆಗೆ ಮುಟ್ಟಲಿಲ್ಲ. ಮರುವರ್ಷದ ಚೀಟಿಯಲ್ಲಿ ಟೀಚರ ಹೆಸರು ಬಂತು. ಇನ್ನು ಚೆನ್ನೈಗೆ ಹೋಗಿ ವೀಸಾ ಅಧಿಕಾರಿಯ ಮುಂದೆ ನಿಲ್ಲಬೇಕು. ನಮ್ಮ ಮನೆಯಲ್ಲೇ ತಾಲೀಮು ಶುರುವಾಯಿತು. ಅಧಿಕಾರಿಯ ಪಾತ್ರ ತಮ್ಮದೇ ಎಂದು ಸಾಹುಕಾರರು ಕುರ್ಚಿಯಲ್ಲಿ ಕುಳಿತರು.

"ಯಾವೂರವಾ ನಿಂದು? ಯಾರ ಪೈಕಿ? ಊಟಾ ಆತೇನು?"

"ಸಾಹುಕಾರ್ರ, ಅವರು ಊಟದ ಸುದ್ದಿ ಕೇಳಂಗಿಲ್ರಿ" ಎಂದೆ.

"ಬಾಗಲಿಗೆ ಬಂದವರಿಗೆ ಊಟಾ ಆತೇನು ಅಂತ ಕೇಳದಾಂವ ಎಂಥಾ ಆಫೀಸರ್ರಿ?"

ಹೋದ ಸಲದ ಪೆಟ್ಟಿನಿಂದ ಅವರು ಒಂದು ಪಾಠ ಕಲಿತಿದ್ದರು. ಈ ಸಲ ಹೋಗುವಾಗ ಮಾಲೆ ಇಲ್ಲ, ಬಂದ ಮೇಲೆ. ಆದರೆ ಕೈ ಕಟ್ಟಿ ಕೂಡ್ರುವ ಮನುಷ್ಯರೂ ಅವರಲ್ಲ. ವೀಸಾ ಬರುವ ಮೊದಲೇ, ಎರಡು ವರ್ಷದಾಚೆಯ ಒಂದು ರವಿವಾರಕ್ಕೆ ಬ್ಯಾಡಗಿಯ ಕಲ್ಯಾಣ ಮಂಟಪ ಹಿಡಿದು, 'ಮರಳಿ ಬಂದ ಟೀಚರಿಗೆ ಸ್ವಾಗತ' ಎಂದು ಆಮಂತ್ರಣ ಪತ್ರಿಕೆಯನ್ನೂ ಅಚ್ಚು ಹಾಕಿಸಿಬಿಟ್ಟರು. ತಿರುಗಿ ಬರುತ್ತಾಳೆಂಬುದಕ್ಕೆ ಸಾಕ್ಷಿಯಾಗಿ ಒಂದು ಪ್ರತಿ ಟೀಚರ ಫೈಲಿಗೆ ಸೇರಿತು.

ಚೆನ್ನೈಯಲ್ಲಿ ಅಧಿಕಾರಿ ಫೈಲು ತಿರುವಿ ಹಾಕುತ್ತ ಅರಿಶಿನ ಬಣ್ಣದ ಆ ಕಾಗದ ಎತ್ತಿ, ಇದೇನೆಂದು ಕೇಳಿದನಂತೆ. ಈಕೆ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಅಂದರೆ ನೀವು ಇನ್ನೂ ಹೋಗಿಲ್ಲ, ವಾಪಸ್ಸು ಬಂದ ಸಮಾರಂಭ ಮಾತ್ರ ನಿಗದಿಯಾಗಿದೆ?"

"ಹೌದು ಸರ್. ಊಟಕ್ಕೂ ಹೇಳಿ ಆಗಿದೆ."

"ನೀವು ಬರದಿದ್ದರೆ?"

"ನಮ್ಮ ಸಾಹುಕಾರರು ಇಲ್ಲಿಗೆ ಬಂದು ನಿಮ್ಮನ್ನೇ ಕೇಳುತ್ತಾರೆ ಸರ್."

ಆತ ನಗುತ್ತ ವೀಸಾ ಮಂಜೂರು ಮಾಡಿದನಂತೆ. ಸಾಹುಕಾರರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಊಟಾ ಆತೇನು ಅಂತ ಕೇಳಿದ್ನೋ ಇಲ್ಲೋ?"

ವಿರೋಧದ ಮಾಲೆ

ಹೊರಡುವ ದಿನ ಆಕೆಯ ಅಪ್ಪ ಕಪಾಟಿನಿಂದ ಹಳೆಯ ಏಲಕ್ಕಿ ಮಾಲೆ ತೆಗೆದು ಚೀಲಕ್ಕಿಟ್ಟರು. "ಇದು ಅಮೆರಿಕಾಕ್ಕಂತ ಕಟ್ಟಿಸಿದ್ದು. ಅಲ್ಲೇ ಹೋಗ್ಲಿ" ಎಂದರು. ಮುಂದಿನದನ್ನು ನಾನು ಕೇಳಿದ್ದು ಎರಡು ವರ್ಷದ ಮೇಲೆ, ಅದೇ ಕಲ್ಯಾಣ ಮಂಟಪದ ವೇದಿಕೆಯಲ್ಲಿ, ಆಕೆಯ ಬಾಯಿಂದಲೇ. ಹೇಳಿದ ರವಿವಾರಕ್ಕೇ ಬಂದಿದ್ದಳು. ಮಂಟಪ ತುಂಬಿ ಬಾಗಿಲಲ್ಲಿ ಜನ ನಿಂತಿದ್ದರು.

ಆಕೆ ಹೋದ ಹೊಸದರಲ್ಲೇ ಆ ಊರಿನವರು ಶಾಲೆಯಲ್ಲಿ ಸಭೆ ಕರೆದಿದ್ದರಂತೆ. ನಮ್ಮವರಿಗೆ ಕೆಲಸ ಇಲ್ಲದಾಗ ಹೊರಗಿನ ಟೀಚರುಗಳೇಕೆ ಎಂಬುದೇ ವಿಷಯ. ಎಲ್ಲರಿಗಿಂತ ಜೋರಾಗಿ ವಿರೋಧಿಸಿದವನು ಒಬ್ಬ ನಿವೃತ್ತ ಮಾಸ್ತರ ಅಜ್ಜ. ಅವನ ಮಾತು ಮುಗಿಯಿತು. ಸಭೆ ಎಂದ ಮೇಲೆ ಮಾತಾಡಿದವರಿಗೆ ಮಾಲೆ ಬೀಳಬೇಕು, ನಮ್ಮಾಕೆಗೆ ಗೊತ್ತಿದ್ದ ಪದ್ಧತಿ ಅದೊಂದೇ. ಎದ್ದು ಹೋಗಿ, ಸಭೆ ಎಂದು ಕೇಳಿಯೇ ಚೀಲದಲ್ಲಿ ತಂದಿದ್ದ ಏಲಕ್ಕಿ ಮಾಲೆ ತೆಗೆದು ಅಜ್ಜನ ಕೊರಳಿಗೆ ಹಾಕಿ ಕೈ ಮುಗಿದಳು.

"ಅಜ್ಜ ಮಾಲಿ ಎತ್ತಿ ಮೂಸಿ ನೋಡಿದ" ಎಂದಳು ಮೈಕಿನಲ್ಲಿ. "ಅಜ್ಜ ಕೇಳಿದ, ನಾನು ನಿನ್ನ ವಿರುದ್ಧ ಮಾತಾಡಿದ್ದು ನಿನಗ ತಿಳೀತಿಲ್ಲೋ ಅಂತ. ತಿಳೀತ್ರಿ, ನನ್ನ ವಿದ್ಯಾರ್ಥಿನಿ ಒಬ್ಬಾಕಿ ನಿಮಕಿಂತ ಚಲೋ ಮಾತಾಡ್ಯಾಳ ಅಂದೆ."

ಆಮೇಲೆ ಅಜ್ಜ ದಿನಾ ಮಾಲೆಯಿಂದ ಒಂದು ಏಲಕ್ಕಿ ಬಿಡಿಸಿ ಕಾಫಿಗೆ ಹಾಕಿಕೊಂಡು ಕುಡಿಯತೊಡಗಿದ. ಮೊಮ್ಮಗನನ್ನೂ ಈಕೆಯ ಕ್ಲಾಸಿಗೇ ಸೇರಿಸಿದ. ಎರಡು ವರ್ಷ ಮುಗಿದು, ವೀಸಾ ಮುಂದುವರಿಸಬೇಕೋ ಬೇಡವೋ ಎಂದು ಮತ್ತೆ ಸಭೆ ಸೇರಿದಾಗ, ಈಕೆಯನ್ನು ಬಿಡಕೂಡದೆಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಈಕೆ ಕಲ್ಯಾಣ ಮಂಟಪ ಹಿಡಿದಾಗಿದೆ ಎಂದಾಗ ಅಜ್ಜ ಬರಿಯ ದಾರ ಎತ್ತಿ ತೋರಿಸಿ ಹೇಳಿದನಂತೆ: "ಹಾಗಾದರೆ ಇನ್ನೊಬ್ಬರನ್ನು ಕಳಿಸಿ. ಮಾಲೆ ಮುಗಿದಿದೆ."

ಮಂಟಪದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಕೆಯ ಅಪ್ಪ, ಬಳೆ ಅಂಗಡಿಯವರು, ಕಣ್ಣೊರೆಸಿಕೊಂಡರು. ನಾನು ಮುಂದಿನ ನಿರೂಪಣೆಗೆಂದು ಮೈಕು ಹಿಡಿದೆ. ಸಾಹುಕಾರರು ಮೈಕು ಕಸಿದುಕೊಂಡು ಮುಂದಿನ ಸಾಲಿನಲ್ಲಿದ್ದ ಮೋಟೆಬೆನ್ನೂರಿನ ಹುಡುಗಿಯನ್ನು ತೋರಿಸಿದರು. ಆಕೆ ಈಗ ಕಾಲೇಜಿನಲ್ಲಿ ಗಣಿತವನ್ನೇ ಓದುತ್ತಿದ್ದಳು.

"ಮುಂದಿನ ಮಾಲಿ ಈ ತಂಗೀಗೆ! ಓದು ಮುಗಸು, ಹೊಂಡು!"

ಹುಡುಗಿ ಕೂತಲ್ಲಿಂದಲೇ ಹೇಳಿದಳು: "ನಾ ಯಾಕ ಹೋಗ್ಲಿರಿ? ಆ ಅಜ್ಜನ್ನ ಇಲ್ಲಿಗೆ ಕರಸ್ರಿ. ನಮ್ಮ ಹೈಸ್ಕೂಲಿನ್ಯಾಗ ಇಂಗ್ಲಿಷ್ ಮಾಸ್ತರ ಜಾಗಾ ಖಾಲಿ ಐತಿ. ಏಲಕ್ಕಿ ಇಲ್ಲೇ ಬೇಕಾದಷ್ಟು ಸಿಗತೈತಿ."

ಜನ ನಗುತ್ತಿದ್ದಂತೆ ಹಿಂದಿನಿಂದ ಒಂದು ದನಿ ಎದ್ದಿತು. "ಅದ್ಹೆಂಗ್ರಿ? ನಮ್ಮೂರಾಗ ಎಂ.ಎ. ಮಾಡಿದವರು ಖಾಲಿ ಕುಂತಾರ. ಹೊರಗಿನವರನ್ನ ತಂದು ಕುಂದ್ರಸ್ತೀರಿ?"

"ಬರಲಿ ಬಿಡ್ರಿ, ವಯಸ್ಸಾದವರು!" ಎಂದರು ಈ ಕಡೆಯವರು.

"ಬಂದ್ರ ಎರಡು ವರ್ಷಕ್ಕಷ್ಟ!" ಎಂದರು ಆ ಕಡೆಯವರು.

ನೋಡನೋಡುತ್ತ ಅಮೆರಿಕದ ವಾದ ಪೂರ್ತಿಯಾಗಿ ಬ್ಯಾಡಗಿಗೆ ಬಂದು ಇಳಿಯಿತು. ಸಾಹುಕಾರರು ಮೇಜು ಬಡಿದರು. "ಏ, ಸುಮ್ನಿರ್ರಿ! ಅಜ್ಜ ಬರಲಿ. ಆದ್ರ ನಾವು ಚೀಟಿ ಎತ್ತಂಗಿಲ್ಲ, ಮಾಲು ನೋಡಿ ತಗೋತೇವಿ. ಮತ್ತ ವಿರೋಧ ಮಾಡಿದಾಂವ ಯಾರಂವ, ಹಿಂದ? ಮುಂದ ಬಾರಪಾ. ಪದ್ಧತಿ ಪದ್ಧತಿನ. ನಿನಗೂ ಒಂದು ಏಲಕ್ಕಿ ಮಾಲಿ ಹಾಕೂದೈತಿ."

ಮೊದಲ ಸಾಲಿನಿಂದ ಬಾಗಿಲವರೆಗೆ ಎಲ್ಲರ ಕೈ ಒಟ್ಟಿಗೆ ಮೇಲೆದ್ದವು.

"ನಂದೂ ವಿರೋಧ ಐತ್ರಿ!"